ಕಿವಿಯಲ್ಲಿ ಹೇಳಿದ ತೂಕ

ಮೊಮ್ಮಗಳಿಗೆ ಅಂಗನವಾಡಿ ಮೇಲ್ವಿಚಾರಕಿ ಅಂತ ಆರ್ಡರ್ ಬಂದಿದೆ. ಹಾರೂಗೇರಿಯ ಕಡೆ ಹಾಕಿದ್ದಾರೆ. ಆ ಕಾಗದವನ್ನು ಅವಳಿಂದ ಏಳೆಂಟು ಸಲ ಓದಿಸಿಕೊಂಡಿದ್ದೇನೆ, ಸಾಲದ್ದಕ್ಕೆ ನಾನೂ ಬೆರಳಿಟ್ಟು ಓದಿದ್ದೇನೆ. ಓಣಿಗೆಲ್ಲ ಪೇಡೆ ಹಂಚಿದ್ದಾಯಿತು. ಹಾಲು ಹಾಕುವವನಿಗೆ ಎರಡು ಸಲ ಕೊಟ್ಟೆನಂತೆ, ಅವನೇ ನಗುತ್ತ ಹೇಳಿದ.

ನಿನ್ನೆ ಹುಡುಗಿ ನನ್ನ ಮಗ್ಗುಲಲ್ಲಿ ಕೂತು ಕೇಳಿದಳು: "ಆಯಿ, ನೀನೂ ಸುಪರ್ವೈಜರ್ ಇದ್ದಿ. ನನಗಿಂತ ವಯಸ್ಸಿನಾಗ ದೊಡ್ಡಾಕಿಗೋಳಿಗೆ ನಾ ಹೆಂಗ ಹೇಳ್ಲಿ?" ಬಾಯಿಂದ ಹೇಳಲು ಹೋದರೆ ಅಳು ಬರುತ್ತದೆ, ಸಂತೋಷದ ಅಳು. ಅದಕ್ಕೇ ಬರೆಯುತ್ತಿದ್ದೇನೆ. ಕೊಗನೊಳ್ಳಿಯ ಸಾಲೆಯಲ್ಲಿ ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ, ಬಿ.ಎ. ಆಗಿದೆಯಲ್ಲ.

ನಾನು ಮೇಲ್ವಿಚಾರಕಿ ಆದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ. ಅದಕ್ಕೂ ಮೊದಲು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ವರ್ಷಗಟ್ಟಲೆ ಜರಡಿ ಹಿಡಿದವಳು. ನಾವು ತಂಬಾಕು ಸೋಸುತ್ತಿದ್ದರೆ ನಮ್ಮ ಕೂಸುಗಳು ಅಲ್ಲೇ ಮೂಲೆಯಲ್ಲಿ ಕಟ್ಟಿದ ಜೋಳಿಗೆಯೊಳಗೆ ಆ ಧೂಳಿನಲ್ಲೇ ಕೆಮ್ಮುತ್ತ ಮಲಗುತ್ತಿದ್ದವು. ಅದನ್ನು ನೋಡಲಾರದೆ ಊರಿನ ಕೆಲವರು ಕೂಡಿ ಕೂಲಿಯವರ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಅಲ್ಲಿ ನಾನು ಮೊದಲು ಮಕ್ಕಳ ಮೂಗು ಒರೆಸಿದೆ, ಆಮೇಲೆ ಹಾಡು ಕಲಿಸಿದೆ, ಆಮೇಲೆ ಐದು ಬಾಲವಾಡಿಗಳನ್ನು ನನ್ನ ಕೈಗೇ ಕೊಟ್ಟರು. ಓದಿದವರು ವಖಾರಿಯ ಓಣಿಗೆ ಬರಲು ಒಲ್ಲೆ ಅಂದಿದ್ದರು, ಅದೂ ಒಂದು ಕಾರಣ.

ತರಬೇತಿಗೆ ಚಿಕ್ಕೋಡಿಗೆ ಕಳಿಸಿದರು, ನಾಲ್ಕು ದಿನ. ಕನ್ನಡಕದ ಅಕ್ಕೋರೊಬ್ಬರು ಹಲಗೆಯ ಮೇಲೆ 'ನಾಯಕತ್ವ' ಎಂದು ದೊಡ್ಡದಾಗಿ ಬರೆದರು. ಮೇಲ್ವಿಚಾರಕಿಯ ದನಿ ಸ್ಪಷ್ಟ ಇರಬೇಕು, ನಿಂತ ನಿಲುವಿನಲ್ಲಿ ಧೈರ್ಯ ಕಾಣಬೇಕು ಅಂದರು. ನಾನು ಎಲ್ಲ ಬರೆದುಕೊಂಡೆ. ಆದರೆ ಹಾಗೆ ನಿಂತು ಹಾಗೆ ಮಾತಾಡುವವರನ್ನು ನನ್ನ ಜನ್ಮದಲ್ಲಿ ನಾನು ಕಂಡದ್ದು ಒಬ್ಬನನ್ನೇ: ನಮ್ಮ ವಖಾರಿಯ ತೂಕದವನನ್ನು. ಸಂಜೆ ನಾವು ಸೋಸಿದ ಮಾಲು ತಲೆಯ ಮೇಲೆ ಹೊತ್ತು ಸಾಲಾಗಿ ನಿಲ್ಲುತ್ತಿದ್ದೆವು. ಅವನು ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು ಒಬ್ಬೊಬ್ಬರ ತೂಕ ಕೂಗುತ್ತಿದ್ದ. ಸರಿ ಬಂದರೆ 'ಬರೋಬ್ಬರಿ' ಅನ್ನುತ್ತಿದ್ದ, ಬರದಿದ್ದರೆ 'ಕಮ್ಮಿ'. ಕಮ್ಮಿ ಅನ್ನಿಸಿಕೊಂಡವಳು ಇಡೀ ಸಾಲಿನ ಮುಂದೆ ತಲೆ ತಗ್ಗಿಸಿ ಹೊರಗೆ ಹೋಗಬೇಕು. ನಾನೂ ಹಾಗೆ ಎಷ್ಟೋ ಸಲ ಹೋಗಿದ್ದೆ.

ಮಕ್ಕಳನ್ನು ತೂಗುವ ಮೊದಲ ದಿನ ಬಂತು. ತೊಲೆಯ ಕೊಕ್ಕೆಗೆ ಗಡಿಯಾರದಂಥ ದುಂಡನೆಯ ತೂಕದ ಯಂತ್ರ ತೂಗುಹಾಕಿದ್ದೆವು. ಅದರ ಕೆಳಗೆ ಕಾಲು ಹೊರಬಿಡಲು ಎರಡು ತೂತಿದ್ದ ಬಟ್ಟೆಯ ಚೀಲ. ವಖಾರಿಗೆ ಹೋಗುವ ಮೊದಲೇ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ನೆರೆದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಕೈ ಸೊಂಟಕ್ಕೆ ಹೋಯಿತು, ಪೆನ್ಸಿಲ್ಲು ಕಿವಿಗೆ ಹೋಯಿತು. "ಒಂಬತ್ತೂವರಿ, ಬರೋಬ್ಬರಿ" ಎಂದು ಕೂಗಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು, ಥೇಟ್ ಅವನ ಹಾಗೇ ಅಂದರು. ನಾನು ಇನ್ನಷ್ಟು ಉಬ್ಬಿದೆ.

ಆಮೇಲೆ ನನ್ನ ಗೆಳತಿಯ ಸರದಿ. ಏಳು ವರ್ಷ ಒಂದೇ ಜರಡಿಯ ಆ ತುದಿ ಅವಳು, ಈ ತುದಿ ನಾನು. ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳುವುದನ್ನು ನನಗೆ ಕಲಿಸಿದವಳು ಅವಳೇ. ಬಹಳ ವರ್ಷ ಕಾದು ಪಡೆದ ಮಗಳು, ಹದಿನಾಲ್ಕು ತಿಂಗಳ ಕೂಸು. ಮುಳ್ಳು ಆರೂ ಕಾಲು ಕಿಲೋ ಹತ್ತಿರ ನಿಂತುಬಿಟ್ಟಿತು. ನಾನು ಕೂಗಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ರೂಢಿಬಿದ್ದ ನಾಲಿಗೆ ತಾನಾಗಿ ಮುಂದಿನದನ್ನೂ ಕೂಗಿತು: "ಕಮ್ಮಿ."

ಈ ಸಲ ಯಾರೂ ನಗಲಿಲ್ಲ. ಅವಳು ಚೀಲದಿಂದ ಕೂಸಿನ ಒಂದೊಂದೇ ಕಾಲು ಬಿಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಮೂರನೆಯ ದಿನ ಗೊತ್ತಾಯಿತು, ವಖಾರಿಯ ಮೂಲೆಯಲ್ಲಿ ಮತ್ತೆ ಜೋಳಿಗೆ ಕಟ್ಟಿದ್ದಾಳಂತೆ, ಕೂಸು ರಾತ್ರಿಯೆಲ್ಲ ಕೆಮ್ಮುತ್ತದಂತೆ. ಅಷ್ಟು ಕಡಿಮೆ ತೂಕದ ಕೂಸು ಆ ಧೂಳಿನಲ್ಲಿ ಎಷ್ಟು ದಿನ ತಾಳೀತು?

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಆಮೇಲೆ ಬಂತು. ಕೂಸನ್ನು ಕಳಿಸದಿದ್ದರೆ ಹೆಸರು ತೆಗೆಯುತ್ತೇವೆ ಅಂತ ಚೀಟಿ ಬರೆದು, ಕೊಟ್ಟು ಬಾ ಎಂದು ನಮ್ಮ ಬಾಲವಾಡಿಯ ಅಡುಗೆಯ ಮುದುಕಿಗೆ ಹೇಳಿದೆ. ಆಕೆ ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದಳು. ಚೀಟಿಯತ್ತ ಕಣ್ಣೆತ್ತಿ ನೋಡಲಿಲ್ಲ.

"ಚೀಟಿ ಕಳಿಸಿದ್ರ ಕೂಸು ಬರೂದಿಲ್ರಿ, ಅಕ್ಕೋರ," ಅಂದಳು. "ನಿಮ್ಮ ಕಾಲು ಕಳಸ್ರಿ."

ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ವಖಾರಿಗೆ ಹೋದೆ. ತೂಕದವನು ಊಟಕ್ಕೆ ಹೋಗಿದ್ದ. ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಗೆಳತಿ ನನ್ನನ್ನು ನೋಡಿಯೂ ನೋಡದವಳ ಹಾಗೆ ರೊಟ್ಟಿ ಮುರಿಯುತ್ತಿದ್ದಳು. ಜೋಳಿಗೆಯೊಳಗಿಂದ ಕೆಮ್ಮು ಕೇಳುತ್ತಿತ್ತು. ತಪ್ಪಾಯಿತು, ಕೂಸನ್ನು ಕಳಿಸು ಅಂದೆ. ಅವಳು ತಂಬಾಕಿನ ಚೀಲ ತೂಗುವ ದೊಡ್ಡ ತಕ್ಕಡಿ ತೋರಿಸಿದಳು.

"ಮದಲ ನೀ ಅದರಾಗ ಕುಂಡರ."

ನಾನು ಆಚೀಚೆ ನೋಡಿದೆ.

"ಯಾಕ ಬೇ, ಸುಪರ್ವೈಜರ್ ಆದಾಕಿಗೆ ತೂಕದ ಕಲ್ಲ ಏನ್ ಬ್ಯಾರೆ ಅದಾವ?"

ಸೀರೆ ಎತ್ತಿಕೊಂಡು ತಕ್ಕಡಿಯ ತಟ್ಟೆಗೆ ಮೆತ್ತಿದ್ದ ತಂಬಾಕಿನ ಪುಡಿಯಲ್ಲೇ ಕೂತೆ. ಅವಳು ಇನ್ನೊಂದು ಪರಡಿಗೆ ಕಲ್ಲು ಏರಿಸಿದಳು: ಇಪ್ಪತ್ತು, ಹತ್ತು, ಐದು, ಎರಡು. ನಾನು ಕೂತ ಪರಡಿ ನೆಲ ಬಿಟ್ಟು ಅಲ್ಲಾಡಿತು. ಇನ್ನೊಂದು ಕಿಲೋ ಇಟ್ಟಳು, ಮುಳ್ಳು ನಡುವೆ ನಿಂತಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಇಡೀ ವಖಾರಿಗೆ ಕೇಳುವಂತೆ ಕೂಗಿದಳು: "ಮೂವತ್ತೆಂಟು. ಕಮ್ಮಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ಮಕ್ಕಳ ತಾಯಿ ನಾನು, ನನ್ನ ತೂಕ ಎಷ್ಟು ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸುತ್ತ ನೋಡಿದೆ. ಒಬ್ಬಳ ಮೈಮೇಲೂ ಮಾಂಸವಿರಲಿಲ್ಲ.

ಅವಳು ನನ್ನ ಕೈಹಿಡಿದು ಇಳಿಸಿದಳು. "ಈಗ ಗೊತ್ತಾತ? ಆ 'ಕಮ್ಮಿ' ಎಲ್ಲಿ ಹತ್ತತೈತಿ ಅಂತ," ಅಂದಳು. ಆಮೇಲೆ ತನ್ನ ರೊಟ್ಟಿ ಎರಡು ಮಾಡಿ, ಮೇಲೆ ಖಾರ ಸವರಿ, ಅರ್ಧ ನನ್ನ ಕೈಗೆ ಕೊಟ್ಟಳು. "ತಿನ್ನ. ಕಮ್ಮಿ ಬಂದಿ."

ಇಬ್ಬರೂ ಅಲ್ಲೇ ಕೂತು ತಿಂದೆವು. ಕೂಸು ನಾಳೆಯಿಂದ ಬರುತ್ತದೆ, ಆದರೆ ಒಂದು ಮಾತು ಅಂದಳು: "ಅದರ ತೂಕ ನನಗ ಹೇಳ. ಓಣಿಗೆ ಹೇಳಬ್ಯಾಡ."

ಅಂದಿನಿಂದ ನಮ್ಮಲ್ಲಿ ತೂಕವನ್ನು ತಾಯಿಯ ಕಿವಿಯಲ್ಲೇ ಹೇಳುವುದಾಯಿತು. ಹೇಳಿ, ಕೂಸಿನ ಅಂಗಾಲಿಗೊಂದು ಕಾಡಿಗೆಯ ಬೊಟ್ಟು. ಉಳಿದ ನಾಲ್ಕು ಬಾಲವಾಡಿಯ ಅಕ್ಕೋರಿಗೆ ನಾನು ಇದನ್ನು ಹುಕುಂ ಮಾಡಲಿಲ್ಲ. ನಾನು ತಕ್ಕಡಿಯಲ್ಲಿ ಕೂತ ಕಥೆ ಹೇಳಿದೆ, ಅಷ್ಟೇ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮರುದಿನದಿಂದ ಹಾಗೇ ಮಾಡಿದರು. ಮುಂದೆ ಒಮ್ಮೆ ಅಥಣಿ, ರಾಯಬಾಗದ ಕಡೆಯ ಬಾಲವಾಡಿಯವರು ನೋಡಲು ಬಂದು, ಇದೆಂಥ ಗುಟ್ಟು ಅಂತ ಕೇಳಿದಾಗ ಅವರಿಗೂ ಆ ಕಥೆಯನ್ನೇ ಹೇಳಿದೆ.

ಕೂಸಿಗೆ ಅಡುಗೆಯ ಮುದುಕಿ ಶೇಂಗಾ ಬೆಲ್ಲ ಕುಟ್ಟಿದ ಉಂಡಿ, ಮೆತ್ತಗೆ ಬೇಯಿಸಿದ ಹೆಸರುಬೇಳೆ ಅನ್ನ ತನ್ನ ತೊಡೆಯ ಮೇಲೆ ಕೂಡಿಸಿಕೊಂಡೇ ಉಣ್ಣಿಸಿದಳು. ಕೆಮ್ಮು ಮೆಲ್ಲಗೆ ಇಳಿಯಿತು. ತೂಕ ಮಾತ್ರ ಒಂದು ತಿಂಗಳು ಏರುವುದು, ಒಂದು ತಿಂಗಳು ಅಲ್ಲೇ ನಿಲ್ಲುವುದು. ಪ್ರತಿ ತಿಂಗಳು ಅವಳು ಕಿವಿ ನನ್ನ ಬಾಯಿಗೆ ತಂದು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಏಳು ತಿಂಗಳ ಮೇಲೆ ಒಂದು ಮುಂಜಾನೆ ನಾನು ಎರಡೆರಡು ಸಲ ಮುಳ್ಳು ನೋಡಿ, ಅವಳ ಕಿವಿಯಲ್ಲಿ ಹೇಳಿದೆ.

ಅವಳು ಕಣ್ಣು ತೆರೆದಳು. ಆಮೇಲೆ ಕೂಸನ್ನು ಬಗಲಿಗೇರಿಸಿ, ಹೊಸ್ತಿಲ ಹೊರಗೆ ಹೋಗಿ, ಒಂದು ಕೈ ಸೊಂಟದ ಮೇಲಿಟ್ಟು ಓಣಿಯ ಆ ತುದಿಗೆ ಮುಟ್ಟುವಂತೆ ಕೂಗಿದಳು: "ಎಂಟೂ ಮುಕ್ಕಾಲು. ಬರೋಬ್ಬರಿ."

ತೂಕವನ್ನು ಓಣಿಗೆ ಹೇಳಬೇಡ ಅಂದವಳು ಅವಳೇ. ಕೂಸಿನ ತೂಕದ ಕಾರ್ಡಿನಲ್ಲಿ ಚುಕ್ಕೆ ಇಡಬೇಕಾಗಿದ್ದ ನನ್ನ ಪೆನ್ಸಿಲ್ಲು ಎಲ್ಲಿ ಹೋಯಿತೋ, ಅಡುಗೆಯ ಮುದುಕಿ ಹುಡುಕಿ ಕೊಟ್ಟಳು.

ಸೋಮವಾರ ನೀನು ಹಾರೂಗೇರಿಗೆ ಹೊರಡುತ್ತೀ, ನನ್ನವ್ವಾ. ಬುತ್ತಿ ನಾನೇ ಕಟ್ಟುತ್ತೇನೆ, ನಿನ್ನ ಅವ್ವನ ಕೈಗೆ ಬಿಡುವುದಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ಇಡುತ್ತೇನೆ. ಅವು ನಿನಗಲ್ಲ.