ಒಳಗೆ ತೂಗುತ್ತಿದ್ದದ್ದು

ಬಸವರಾಜೇಶ್ವರಿ ಭದ್ರಾವತಿಯಿಂದ ಶಿವಮೊಗ್ಗದ ಮೇಲೆ ಆಯನೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಗಡ್ಡೆಗಳಾಗಿ ಮೂವತ್ತೇಳಕ್ಕೇ ಗರ್ಭಕೋಶ ತೆಗೆಸಿಕೊಂಡಿದ್ದಳು. ಆಮೇಲೆ ಹತ್ತು ವರ್ಷ ಅದರ ನೆನಪೇ ಇರಲಿಲ್ಲ.

ಮೊದಲು ಉರಿಮೂತ್ರ ಬಂತು. ಮಾತ್ರೆಗೆ ಹೋಯಿತು, ಮತ್ತೆ ಬಂತು. ಕೆಲವು ತಿಂಗಳಲ್ಲಿ ಬೇರೆಯದೇ ಒಂದು ಶುರುವಾಯಿತು. ಮೂತ್ರ ಹೋಗುತ್ತಿರುವಾಗಲೇ ಯಾರೋ ಒಳಗಿನಿಂದ ಬೆರಳಿಟ್ಟಂತೆ ಥಟ್ಟನೆ ನಿಲ್ಲುತ್ತಿತ್ತು. ಎಡಕ್ಕೆ ವಾಲಿದರೆ ಬಿಡುತ್ತಿತ್ತು. ಬಸ್ಸು ಗುಂಡಿಗಿಳಿದರೆ ಹೊಟ್ಟೆಯ ಕೆಳಗೆ ಏನೋ ಅತ್ತಿತ್ತ ಹೋಗಿ ಮೆಲ್ಲಗೆ ತಟ್ಟುತ್ತಿತ್ತು. ಬಸ್ಸು ನಿಂತ ಮೇಲೂ ಇನ್ನೊಮ್ಮೆ ತಟ್ಟಿ ಸುಮ್ಮನಾಗುತ್ತಿತ್ತು. ಎರಡು ಹೆತ್ತವಳಿಗೆ ಒಳಗಿನ ಅಲುಗಾಟ ಹೊಸದಲ್ಲ. ಆದರೆ ಈಗ ಅಲುಗುವುದಕ್ಕೆ ಅಲ್ಲಿ ಏನಿತ್ತು?

ಭದ್ರಾವತಿಯ ಓಲ್ಡ್ ಟೌನಿನ ಮನೆಯಲ್ಲಿ ಅತ್ತೆ ಹೂವಮ್ಮನಿಗೆ ಹೇಳಿದಳು. ಅತ್ತೆ ಬಹಳ ಹೊತ್ತು ಸೊಸೆಯ ಹೊಟ್ಟೆಯನ್ನೇ ನೋಡಿದಳು.

"ಖಾಲಿಯಾದ ಜಾಗಕ್ಕೆ ಏನೋ ಬಂದು ಕೂತಿದೆ ಕಣೇ."

ಅಂದಿನಿಂದ ಬಸವರಾಜೇಶ್ವರಿ ಡ್ಯೂಟಿಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಒಮ್ಮೆ ಎಷ್ಟು ವಾಲಿದರೂ ತಡೆ ಬಿಡದಿದ್ದಾಗ, "ಸ್ವಲ್ಪ ಸರ್ಕೊ ಮಾರಾಯ್ತಿ," ಎಂದು ಅದನ್ನೇ ಕೇಳಿಕೊಂಡಳು. ಅದು ಸರಿಯಿತು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಒಂದು ಮಧ್ಯಾಹ್ನ ಶಿವಮೊಗ್ಗ ನಿಲ್ದಾಣದಲ್ಲಿ ಮೂತ್ರ ರಕ್ತದ ಬಣ್ಣಕ್ಕೆ ತಿರುಗಿತು. ಅವಳ ಮುಖ ಕಂಡ ಡ್ರೈವರ್ ಹಾಲಸ್ವಾಮಿ ಏನೂ ಕೇಳದೆ ಆಟೊ ಹತ್ತಿಸಿದ. ವಿನೋಬನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪೂಜಿತಾ ಸ್ಕ್ಯಾನ್ ಮಾಡಿ, ಮೂತ್ರಕೋಶದಲ್ಲಿ ಕಲ್ಲಿದೆ ಎಂದರು. ಮಗ್ಗುಲಾಗಿಸಿ ಮತ್ತೆ ನೋಡಿದರು. ಕಲ್ಲು ತಳಕ್ಕೆ ಉರುಳಬೇಕಿತ್ತು, ಇದು ಮೇಲೆಯೇ ನಿಂತಿತ್ತು. ಕ್ಯಾಮೆರಾ ಇಳಿಸಿ ನೋಡಿಯೇ ತೆಗೆಯಬೇಕು ಎಂದು ಡಾಕ್ಟರ್ ಆಪರೇಷನ್ನಿಗೆ ದಿನ ಬರೆದುಕೊಟ್ಟರು.

ಆಪರೇಷನ್ನಿನ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅವಳಿಗೆ ಎಚ್ಚರವಿತ್ತು. ಮೂತ್ರನಾಳದಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಕೆಂಪು ಗೋಡೆಗಳು, ಮೇಲಿನಿಂದ ಇಳಿಬಿದ್ದ ಕಪ್ಪು ದಾರ, ಅದರ ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಬಿಳಿ ಉಂಡೆ. ಅದು ನೀರಿನಲ್ಲಿ ಮೆಲ್ಲಗೆ ತೂಗುತ್ತಿತ್ತು.

"ಅದಕ್ಕೆ ಜೀವ ಇದ್ಯಾ ಮೇಡಂ?"

"ಇಲ್ಲಮ್ಮ. ಗರ್ಭಕೋಶ ತೆಗೆದಾಗ ಹಾಕಿದ ಹೊಲಿಗೆ ಒಂದು ಇಲ್ಲಿಗೆ ಬಂದುಬಿಟ್ಟಿದೆ. ಕರಗದ ದಾರ. ಅದರ ಸುತ್ತ ಕಲ್ಲು ಬೆಳೆದಿದೆ. ಇಂಥದ್ದು ತುಂಬಾ ಅಪರೂಪ."

ದಾರ ಕತ್ತರಿಸಿದ ಕೂಡಲೇ ಅದು ನಿಧಾನವಾಗಿ ತಳಕ್ಕಿಳಿದು ಕೂತಿತು. ಲೇಸರಿನಿಂದ ಒಡೆದು ತೆಗೆದರು. ನರ್ಸ್ ಚೂರುಗಳ ಬಾಟಲಿ ತೋರಿಸಿದಾಗ ಅವಳು ಮುಖ ತಿರುಗಿಸಿದಳು.

ಉರಿ ಹೋಯಿತು, ತಡೆಯೂ ಹೋಯಿತು. ದಾರವೆಂದರೆ ಹೂವಮ್ಮ ಮಾತ್ರ ನಂಬಲಿಲ್ಲ. ಡ್ಯೂಟಿಗೆ ಮರಳಿದ ವಾರ ಡಿಪೊದ ಹೆಂಗಸರ ಕೋಣೆಯಲ್ಲಿ ಬಸವರಾಜೇಶ್ವರಿ ಎಲ್ಲವನ್ನೂ ಹೇಳಿದಳು. ತಾನೂ ಗರ್ಭಕೋಶ ತೆಗೆಸಿಕೊಂಡಿದ್ದ ಕಂಡಕ್ಟರ್ ವಿಶಾಲಮ್ಮ ಟೀ ಲೋಟ ಕೆಳಗಿಟ್ಟು, ಹೊಕ್ಕುಳ ಕೆಳಗೆ ಅಂಗೈ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂತಳು.