ಗದ್ದೆಗಿಳಿದ ವಿಮಾನ

ಇವತ್ತು ಯಲ್ಲಾಪುರದ ಮೇಲೆ ಯುದ್ಧವಿಮಾನವೊಂದು ಗುಡುಗುತ್ತ ಹೋಯಿತು. ಬಟ್ಟೆ ಒಗೆಯುವುದು ಬಿಟ್ಟು ಅಂಗಳಕ್ಕೆ ಓಡಿದೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಶಾಲೆ ಬಿಟ್ಟ ಹೊತ್ತಿಗೆ, ಅಂಥದೊಂದು ವಿಮಾನ ಇಂಜಿನ್ ಕೆಟ್ಟು, ಸದ್ದೇ ಇಲ್ಲದೆ ನಮ್ಮ ತಲೆಯ ಮೇಲೆ ಹಾದು, ಕೊಯ್ಲಾದ ಗದ್ದೆಯಲ್ಲಿ ಹೊಟ್ಟೆ ಉಜ್ಜುತ್ತ ಜಾರಿ ನಿಂತಿತ್ತು. ದಾರಿಯಲ್ಲಿ ಲಾರಿ ನಿಲ್ಲಿಸಿ ಓಡಿದ ನನ್ನ ಅಬ್ಬಾ ಪೈಲಟ್‌ನನ್ನು ಇಳಿಸಿ ಬದುವಿನ ಮೇಲೆ ಕೂರಿಸಿದರು.

“ದೂರ ನಿಲ್ರಿ, ಅವ್ರಿಗೆ ಗಾಳಿ ಬರ್ಲಿ!” ಎಂದು ಜನರನ್ನು ಸರಿಸಿದರು. ಆಮೇಲೆ ತಮಗೆ ಬರುವ ಹಿಂದಿಯಲ್ಲಿ, ಪ್ಯಾರಾಶೂಟ್ ಇದ್ದೂ ಯಾಕೆ ಹಾರಲಿಲ್ಲ ಎಂದು ಕೇಳಿದರು.

“ಕೆಳಗೆ ರಸ್ತೆ ತುಂಬ ಮಕ್ಕಳಿದ್ದರು,” ಎಂದನಾತ.

ಅಬ್ಬಾ ನನ್ನನ್ನು ಮುಂದಕ್ಕೆಳೆದು, ನನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟರು. “ಅವರಲ್ಲಿ ಇವಳೂ ಒಬ್ಬಳು.” ಅವನು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

ಇವತ್ತು ಅಂಗಳದಲ್ಲಿ ಇನ್ನೂ ಆಕಾಶ ನೋಡುತ್ತ ನಿಂತಿದ್ದಾಗಲೇ ನನ್ನ ಮಗಳು ಶಾಲೆಯಿಂದ ಬಂದಳು. “ಎಂತಾ ನೋಡ್ತಿದೀ ಅಮ್ಮೀ?”

“ನಿನ್ನನ್ನೇ,” ಎಂದೆ.