ಲೋಕಯ್ಯ ಊಟಿಗೆ ಹೋದದ್ದು

ಊಟಿ ಎಂಬ ಎರಡಕ್ಷರ ಕಿವಿಗೆ ಬಿದ್ದರೆ ಸಾಕು, ಲೋಕಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ೧೯೮೪ರ ಮೇ ತಿಂಗಳಿನಲ್ಲಿ ಉಮ್ಮರ್ ಕುಂಞಿಯ ಅಂಗಡಿಯ ಕ್ಯಾಲೆಂಡರಿನಲ್ಲಿ ಊಟಿಯ ಕೆರೆಯ ಚಿತ್ರ ಬಂತು. ಲೋಕಯ್ಯ ಯಾರನ್ನೂ ಕೇಳದೆ ಆ ಹಾಳೆಯನ್ನು ಹಿಂದಕ್ಕೆ ಮಡಚಿ ಜೂನ್ ಮಾಡಿಟ್ಟ.

"ಅಲ್ಲ ಲೋಕಯ್ಯಣ್ಣ, ಇನ್ನು ನಾನು ತಾರೀಕು ನೋಡುವುದು ಎಲ್ಲಿ?" ಎಂದು ಉಮ್ಮರ್ ಕೇಳಿದ.

"ತಾರೀಕು ಬೇಕಾದರೆ ಪೇಪರ್ ನೋಡಿ ಬ್ಯಾರಿಗಳೇ. ಆ ದರಿದ್ರ ಕೆರೆ ನನ್ನ ಕಣ್ಣೆದುರು ಬೇಡ."

ಉಮ್ಮರ್ ನಕ್ಕ. ರಿಫಾದ ಆ ಬೀದಿಯಲ್ಲಿ ಅವನದೊಂದು ಕೋಲ್ಡ್ ಸ್ಟೋರ್. ಬಹರೈನಿನಲ್ಲಿ ಕೋಲ್ಡ್ ಸ್ಟೋರ್ ಎಂದರೆ ಸಾಬೂನಿನಿಂದ ಮೊಟ್ಟೆಯವರೆಗೆ ಎಲ್ಲ ಸಿಗುವ ನಮ್ಮ ದಿನಸಿ ಅಂಗಡಿಯೇ. ಅದರಿಂದ ನಾಲ್ಕು ಮನೆ ಆಚೆಗೆ ಬಟ್ಟೆ ವ್ಯಾಪಾರಿ ಅಬು ಯೂಸುಫರ ದೊಡ್ಡ ಮನೆ, ಮನೆಯ ಗೇಟಿಗೆ ತಾಗಿ ಒಂದು ಕೋಣೆ, ಆ ಕೋಣೆಯಲ್ಲಿ ಡ್ರೈವರ್ ಲೋಕಯ್ಯ. ಊರಿನ ಹಳೆಯಂಗಡಿ ಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನು ಎಪ್ಪತ್ತೈದರಲ್ಲಿ ವಿಮಾನ ಹತ್ತಿ ಬಂದು ಅಲ್ಲಿಗೆ ಸೇರಿದವನು, ಮತ್ತೆ ಬೇರೆಡೆಗೆ ಹೋಗಲಿಲ್ಲ. ಒಳ್ಳೆಯ ಡ್ರೈವರ್. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅರ್ಬಾಬರ ಎದುರು, ಅಂದರೆ ಯಜಮಾನರ ಎದುರು, ಅದೇ ಕೋಪ ಗಂಟಲಿನಲ್ಲಿ ಸಿಕ್ಕಿಕೊಂಡು ಬಾಯಿಯಿಂದ "ಹಾದಿರ್" ಎಂಬ ಒಂದೇ ಮಾತು ಹೊರಡುತ್ತಿತ್ತು. ಅಪ್ಪಣೆ, ಇಗೋ ಬಂದೆ ಎಂದು ಅದರ ಅರ್ಥ.

ಊಟಿಯ ಹುಚ್ಚು ಮೊದಲು ಹಿಡಿದದ್ದು ಅವನ ಹೆಂಡತಿ ಸರೋಜಿನಿಗೆ. ಎಪ್ಪತ್ತೇಳರ ಜೂನಿನ ಮಳೆಯಲ್ಲಿ ಮದುವೆಯಾಗಿ, ಒಂದೇ ತಿಂಗಳಲ್ಲಿ ಲೋಕಯ್ಯ ಹಿಂದೆ ಹೊರಟು ನಿಂತಾಗ, ಬೀಡಿಯ ಸೂಪನ್ನು, ಆ ಪುಟ್ಟ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದ ಅವಳು ತಲೆ ಎತ್ತದೆ ಹೇಳಿದ್ದಳು: "ನನಗೆ ಚಿನ್ನ ಬೇಡ, ಫಾರಿನ್ ಸೀರೆ ಬೇಡ. ಒಂದು ಸಲ ಊಟಿಗೆ ಕರಕೊಂಡು ಹೋಗಿ. ನಾವಿಬ್ಬರೇ." ಪಕ್ಕದ ಮನೆಯ ಉಷಾಲತಾ ಬ್ಯಾಂಕ್ ಗುಮಾಸ್ತನನ್ನು ಮದುವೆಯಾಗಿ ಊಟಿಗೆ ಹೋಗಿ ಬಂದು, ಸ್ವೆಟರ್ ಹಾಕಿದ ಫೋಟೊವನ್ನು ಊರಿಗೆಲ್ಲ ತೋರಿಸಿದ್ದ ಕಾಲ ಅದು.

"ಅದೊಂದು ದೊಡ್ಡ ವಿಷಯವಾ? ಮುಂದಿನ ರಜೆಗೆ ಗ್ಯಾರಂಟಿ" ಎಂದ ಲೋಕಯ್ಯ.

ಗ್ಯಾರಂಟಿಯಂತೆ, ಗ್ಯಾರಂಟಿ! ಎರಡು ವರ್ಷಕ್ಕೊಮ್ಮೆ ಸಿಗುವ ರಜೆ, ಅದೂ ಅರ್ಬಾಬರ ಸಂಸಾರ ಬೇಸಿಗೆಗೆ ಹೊರದೇಶಕ್ಕೆ ಹೋದಾಗ ಮಾತ್ರ. ಬಹರೈನಿನಲ್ಲಿ ಬೇಸಿಗೆ ಎಂದರೆ ನಮ್ಮಲ್ಲಿ ಆಟಿ ತಿಂಗಳು, ಹಗಲೂ ರಾತ್ರಿ ಮಳೆ. ಎಪ್ಪತ್ತೊಂಬತ್ತರಲ್ಲಿ ಲೋಕಯ್ಯ ಊಟಿ ಎಂದು ಬಾಯಿ ತೆಗೆದದ್ದೇ ತಡ, ಅವನ ಅಮ್ಮ ಚೆನ್ನು ಎದೆ ಬಡಿದುಕೊಂಡಳು. "ಆಟಿಯಲ್ಲಿ ಯಾರಾದರೂ ಘಟ್ಟ ಹತ್ತುತ್ತಾರಾ? ನಿನಗೆ ತಲೆ ಸರಿ ಉಂಟಾ ಮಗಾ?" ಎರಡು ದಿನ ಕಳೆದು ಘಟ್ಟದ ರಸ್ತೆಗೆ ಗುಡ್ಡ ಜರಿದು ಬಿತ್ತು. ಅಮ್ಮನ ಮಾತಿಗೆ ಗುಡ್ಡವೂ ತಲೆಯಾಡಿಸಿತಲ್ಲ ಎಂದು ಲೋಕಯ್ಯ ಹಲ್ಲು ಕಡಿದ.

ಎಂಬತ್ತೊಂದರಲ್ಲಿ ಅವನು ಯಾರ ಮಾತನ್ನೂ ಕೇಳಲಿಲ್ಲ. ಅಂಬಾಸಿಡರ್ ಬಾಡಿಗೆಗೆ ಗೊತ್ತುಮಾಡಿ ಬೆಳಗ್ಗೆ ಅಂಗಳಕ್ಕೆ ತಂದು ನಿಲ್ಲಿಸಿದ. ಒಳಗೆ ಹೋಗಿ ಬ್ಯಾಗ್ ತರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಅತ್ತೆಯಂದಿರು, ಚಿಕ್ಕಮ್ಮ. ಇವನಿಗೆ ವೀಸಾ ಸಿಗಲಿ ಎಂದು ಅಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಳಂತೆ. ಗಲ್ಫಿನಿಂದ ಬಂದವನು ಕಾರು ಮಾಡಿದರೆ ಮೊದಲು ಹರಕೆ ತೀರಬೇಕು, ಆಮೇಲೆ ಉಳಿದದ್ದು. ಅಲ್ಲಿಂದ ಸುಬ್ರಹ್ಮಣ್ಯ, ಅಲ್ಲಿಂದ ಕಟೀಲು, ಮತ್ತೆ ಹೆಣ್ಣು ಕೊಟ್ಟ ಮನೆ, ತಂದ ಮನೆ. ಸರೋಜಿನಿ ವರ್ಷ ದಾಟಿದ ಮಗಳನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಮುದುಡಿ ಕೂತು, ಪ್ರತಿ ದೇವಸ್ಥಾನದಲ್ಲೂ ಇಳಿದು ಕೈಮುಗಿದು ಮತ್ತೆ ಬಂದು ಕೂತಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಂಬತ್ತಮೂರರಲ್ಲಿ ಆದದ್ದಕ್ಕೆ ಮಾತ್ರ ಬೇರೆ ಯಾರನ್ನೂ ದೂರುವಂತಿಲ್ಲ. ಅದು ಲೋಕಯ್ಯನ ಬಾಯಿ ಚಪಲ.

ಏಪ್ರಿಲಿನಲ್ಲೇ ಬಿಸಿಲು ಏರಿತ್ತು. ಮನಾಮದಿಂದ ಬರುವಾಗ ಕಾರಿನ ಏಸಿ ಕೈಕೊಟ್ಟಿತು. ಹಿಂದೆ ಕೂತ ಅಬು ಯೂಸುಫ್ ತಲೆವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ, ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಕೇಳಿದರು: "ಲೋಕಯ್ಯಾ, ನಿಮ್ಮ ದೇಶದಲ್ಲಿ ಎಲ್ಲ ಕಡೆಯೂ ಹೀಗೆಯೋ, ತಂಪು ಜಾಗ ಏನಾದರೂ ಇದೆಯೋ?"

ಗಲ್ಫಿನಲ್ಲಿ ನಮ್ಮವರದೊಂದು ಚಾಳಿ. ಊರಲ್ಲಿದ್ದಾಗ ಊರನ್ನು ಬೈಯುವುದು, ಇಲ್ಲಿ ಯಾರಾದರೂ ಕೇಳಿದರೆ ಅದೇ ಊರನ್ನು ಆಕಾಶಕ್ಕೆ ಏರಿಸುವುದು. ಲೋಕಯ್ಯ ರೈಲು ಬಿಡತೊಡಗಿದ. ಊಟಿಯಲ್ಲಿ ಮೋಡ ಕಿಟಕಿಯಿಂದ ಮನೆಯೊಳಗೆ ಬರುತ್ತದೆ ಎಂದ. ಮಧ್ಯಾಹ್ನವೂ ಕಂಬಳಿ ಬೇಕು ಎಂದ. ಗುಡ್ಡ ಹತ್ತುವ ಪುಟ್ಟ ರೈಲು, ದೋಣಿ ಓಡುವ ಕೆರೆ, ಕಣ್ಣು ಹಾಯುವಷ್ಟೂ ಚಹಾ ತೋಟ, ದಿನಾ ಮಳೆ. ಆರು ವರ್ಷದಿಂದ ತಲೆಯಲ್ಲಿ ತುಂಬಿಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ಮಳೆಯೂ ಉಂಟಾ?" ಅಬು ಯೂಸುಫ್ ಮುಂದಕ್ಕೆ ಬಾಗಿದರು. "ನೀನು ಎಷ್ಟು ಸಲ ಹೋಗಿದ್ದೀ?"

ಇಂಡಿಯಾದವನಾಗಿ ಊಟಿ ಕಂಡಿಲ್ಲ ಎನ್ನಲು ನಾಚಿಕೆಯಾಯಿತು. "ಐದು ಸಲ, ಅರ್ಬಾಬ್."

ಖಲಾಸ್. ಆ ಐದು ಸಲ ಅವನ ಕುತ್ತಿಗೆಗೆ ಬಂತು. ಮರುದಿನವೇ ಅಬು ಯೂಸುಫ್ ಹೇಳಿದರು, ಈ ವರ್ಷ ಲಂಡನ್ ಬೇಡ, ಎಲ್ಲರೂ ಊಟಿಗೆ, ಲೋಕಯ್ಯನೇ ದಾರಿ ತೋರಿಸುವವನು. ಲೋಕಯ್ಯ, ನನ್ನ ರಜೆ, ನನ್ನ ಹೆಂಡತಿ ಎಂದು ತೊದಲಿದಾಗ, ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅವಳನ್ನೂ ಕರೆದುಕೊಂಡು ಬಾ. ನಮ್ಮ ಹೆಂಗಸರಿಗೂ ಒಂದು ಸಹಾಯವಾಗುತ್ತದೆ."

ಆ ಕೊನೆಯ ಮಾತು ಲೋಕಯ್ಯನ ಕಿವಿಗೆ ಹೋಗಲೇ ಇಲ್ಲ. ಅಂತೂ ಸರೋಜಿನಿ ಊಟಿ ನೋಡುತ್ತಾಳೆ ಎಂಬ ಸಂತೋಷದಲ್ಲಿ ಅವನು ಕಾಗದ ಬರೆದ.

ಅವಳು ಮಗಳನ್ನು ತವರಿನಲ್ಲಿ ಬಿಟ್ಟು, ಹೊಸ ಸ್ವೆಟರ್ ಕೊಂಡು, ಅಣ್ಣನ ಜೊತೆ ಬಸ್ಸಿನಲ್ಲಿ ಊಟಿಗೆ ಬಂದು ಇಳಿದಳು. ಅಣ್ಣ ಅದೇ ದಿನ ಊರಿಗೆ ಹಿಂದಿರುಗಿದ. ಬಾಡಿಗೆ ಬಂಗಲೆಯಲ್ಲಿ ಅರ್ಬಾಬರ ಸಂಸಾರ ಏಳು ಜನ: ಗಂಡ ಹೆಂಡತಿ, ನಾಲ್ಕು ಮಕ್ಕಳು, ಮುದುಕಿ ತಾಯಿ. ಯಜಮಾನ್ತಿಗೆ ಹೋಟೆಲಿನ ಊಟದ ಮೇಲೆ ನಂಬಿಕೆಯಿಲ್ಲ. ಮೊದಲ ಸಂಜೆ ಸರೋಜಿನಿ ಸುಮ್ಮನೆ ಇರಲಾರದೆ ಒಂದು ತುಪ್ಪದ ಅನ್ನ, ಕೋಳಿ ಪದಾರ್ಥ ಮಾಡಿದಳು. ಮಕ್ಕಳು ತಟ್ಟೆ ನೆಕ್ಕಿದರು. ಅಲ್ಲಿಗೆ ಮುಗಿಯಿತು ಅವಳ ಕಥೆ.

ಬೆಳಗ್ಗೆ ವ್ಯಾನ್ ಬಂದರೆ ಏಳು ಜನ, ಡ್ರೈವರ್, ದಾರಿ ತೋರಿಸುವ ಲೋಕಯ್ಯ. ಸೂಜಿ ಊರಲೂ ಜಾಗವಿಲ್ಲ. ಲೋಕಯ್ಯನಿಗೋ ದಾರಿಯೇ ಗೊತ್ತಿಲ್ಲ. ಕನ್ನಡ ಬಲ್ಲ ವ್ಯಾನಿನ ಡ್ರೈವರನನ್ನು ಮೂಲೆಗೆ ಕರೆದು ಕೇಳಿ, ಅವನು ಹೇಳಿದ್ದನ್ನೇ ಹಳಬನ ಹಾಗೆ ಹಿಂದೆ ತಿರುಗಿ ಹೇಳುವುದು. ಕೆರೆ, ತೋಟ, ಜಲಪಾತ, ಪುಟ್ಟ ರೈಲು, ಎಲ್ಲವನ್ನೂ ಲೋಕಯ್ಯ ಕಂಡ. ಸರೋಜಿನಿಗೆ ದಿನಾ ಸಂಜೆ "ನಾಳೆ ನಿನ್ನನ್ನು ಕರಕೊಂಡು ಹೋಗುತ್ತೇನೆ" ಎಂದ. ನಾಳೆ ಎಂದರೆ ಒಂದು ದಿನ ಮಕ್ಕಳ ಬಟ್ಟೆ ಒಣಗಿಲ್ಲ, ಇನ್ನೊಂದು ದಿನ ಊಟಿಗೆ ಬಂದಿದ್ದ ಅರ್ಬಾಬರ ಪರಿಚಯದವರು ಊಟಕ್ಕೆ. ಹದಿನಾಲ್ಕನೆಯ ದಿನ ಅರ್ಬಾಬರೇ "ನಾಳೆ ನೀವಿಬ್ಬರೂ ಹೋಗಿ ಬನ್ನಿ" ಎಂದರು. ಮರುದಿನ ಮುದುಕಿಗೆ ಚಳಿಜ್ವರ. ಬಿಸಿನೀರು, ಗಂಜಿ, ಕಾಲು ತಿಕ್ಕುವುದು. ಮುದುಕಿ ಸರೋಜಿನಿಯ ಕೈ ಹಿಡಿದುಕೊಂಡೇ ಮಲಗಿತು. ಆ ಕೈ ಬಿಡಿಸಿಕೊಂಡು ಹೊರಡಲು ಇವಳಿಗೆ ಮನಸ್ಸಾಗಲಿಲ್ಲ. ಹದಿನಾರನೆಯ ದಿನ ಎಲ್ಲರೂ ಗುಡ್ಡ ಇಳಿದರು. ಅದಾದ ಮೇಲೆ ಊರಿನಲ್ಲಿ ಉಳಿಯಲು ಲೋಕಯ್ಯನಿಗೆ ಸಿಕ್ಕಿದ್ದು ಎಂಟೇ ದಿನ. ಊಟಿಯ ದಿನಗಳೂ ರಜೆಯ ಲೆಕ್ಕಕ್ಕೇ ಸೇರಿದ್ದವು. ಹೆಂಡತಿಯ ಜೊತೆಗೇ ಇದ್ದೆಯಲ್ಲ, ಎಂದಿದ್ದರು ಅರ್ಬಾಬ್.

ಇಷ್ಟಾದ ಮೇಲೆ ಊಟಿಯ ಹೆಸರು ಕೇಳಿದರೆ ಉರಿಯದೆ ಇರುತ್ತದೆಯೇ?

ಕ್ಯಾಲೆಂಡರ್ ಮಡಚಿದ ಅದೇ ವಾರ, ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಟ್ಟು ಮುಹರ್ರಕ್‌ನಿಂದ ಬರುವಾಗ ಅಬು ಯೂಸುಫ್ ಖುಷಿಯಲ್ಲಿದ್ದರು. "ಲೋಕಯ್ಯಾ, ಈ ಸಲವೂ ಊಟಿ. ಮಕ್ಕಳು ಆ ಅನ್ನ ಬೇಕೆಂದು ಈಗಲೇ ಕೇಳುತ್ತಿದ್ದಾರೆ. ನಿನ್ನ ಹೆಂಡತಿಗೆ ಬರೆದು ಹಾಕು."

ಗಂಟಲವರೆಗೆ "ಹಾದಿರ್" ಬಂದಿತ್ತು. ಲೋಕಯ್ಯ ಅದನ್ನು ನುಂಗಿದ. ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಒಂಬತ್ತು ವರ್ಷದಲ್ಲಿ ಕೇಳದೆ ಕಾರು ನಿಲ್ಲಿಸಿದ್ದು ಅದೇ ಮೊದಲು.

"ಅರ್ಬಾಬ್, ನಾನು ಊಟಿಗೆ ಐದು ಸಲ ಹೋಗಿರಲಿಲ್ಲ. ನಿಮ್ಮ ಜೊತೆ ಹೋದದ್ದೇ ಮೊದಲು. ನನ್ನ ಹೆಂಡತಿ ಊಟಿಯನ್ನು ಇನ್ನೂ ನೋಡಿಲ್ಲ."

"ಹದಿನೈದು ದಿನ ಅಲ್ಲೇ ಇದ್ದಳಲ್ಲ?"

"ಅಡುಗೆಮನೆಯಲ್ಲಿದ್ದಳು."

ಕೆಲಸ ಹೋಯಿತು ಎಂದೇ ಲೋಕಯ್ಯ ತಿಳಿದ. ಆದರೂ ಹೇಳಿಯೇಬಿಟ್ಟ: "ಡಿಸೆಂಬರಿನಲ್ಲಿ ಹದಿನೈದು ದಿನ ರಜೆ ಕೊಡಿ. ಸಂಬಳ ಬೇಡ. ನಾವಿಬ್ಬರೇ ಹೋಗಿ ಬರುತ್ತೇವೆ."

ಅಬು ಯೂಸುಫ್ ಕಾರು ಬಿಡು ಎಂದು ಕೈಸನ್ನೆ ಮಾಡಿದರು. ಗೇಟಿನಲ್ಲಿ ಇಳಿಯುವಾಗ, ಮುಖ ನೋಡದೆ, "ಈ ಸಲ ನಾವು ಲಂಡನ್ನಿಗೇ. ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಕೇಳಿ ತೆಗೆದುಕೋ" ಎಂದು ಒಳಗೆ ಹೋದರು. ಕೆಲಸದವರ ಪಾಸ್‌ಪೋರ್ಟ್ ಇರುತ್ತಿದ್ದದ್ದು ಯಜಮಾನರ ಕಪಾಟಿನಲ್ಲೇ; ಅದು ಕೈಗೆ ಬಂತೆಂದರೆ ರಜೆ ಸಿಕ್ಕಿತೆಂದೇ ಲೆಕ್ಕ.

ಲೋಕಯ್ಯ ಓಡಿದ್ದು ನೇರ ಉಮ್ಮರನ ಅಂಗಡಿಗೆ. ಉಮ್ಮರ್ ಎರಡು ಪೆಪ್ಸಿ ಒಡೆದ. "ಗೆದ್ದಿರಿ ಲೋಕಯ್ಯಣ್ಣ! ಈಗಲೇ ಕ್ಯಾಸೆಟ್ ಮಾಡಿ ಕೊಡಿ, ನಮ್ಮ ಭಾವ ನಾಡಿದ್ದು ಊರಿಗೆ ಹೊರಟಿದ್ದಾರೆ." ಅಂದಿನ ದಿನಗಳಲ್ಲಿ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು. ಲೋಕಯ್ಯ ಒಂದು ಬದಿ ಪೂರ್ತಿ ಮಾತಾಡಿದ. ಅರ್ಬಾಬರ ಎದುರು ತಾನು ಹೇಗೆ ನಿಂತೆ, ಏನೆಂದೆ, ಇನ್ನು ಅಮ್ಮನಿಗಾಗಲಿ ಅತ್ತೆಯರಿಗಾಗಲಿ ಸುಳಿವು ಕೊಡದೆ ಬೆಳಗಿನ ಬಸ್ಸಿಗೆ ಹೇಗೆ ಹೊರಡುವುದು, ಎಲ್ಲ. "ಈ ಸಲ ದೇವರು ಬಂದು ಅಡ್ಡ ನಿಂತರೂ ಬಿಡುವುದಿಲ್ಲ ಸರೋಜಿನಿ" ಎಂದು ಮುಗಿಸಿದ.

ಐದು ವಾರ ಕಳೆದು, ಒಂದು ಶುಕ್ರವಾರ ಮಧ್ಯಾಹ್ನ, ಉಮ್ಮರ್ ಅದೇ ಕ್ಯಾಸೆಟ್ ತಂದುಕೊಟ್ಟ. ಇನ್ನೊಂದು ಬದಿಯಲ್ಲಿ ಸರೋಜಿನಿಯ ಮಾತು. ಹೆಂಡತಿಯ ಕ್ಯಾಸೆಟ್ ಹಾಕುವಾಗ ಉಳಿದವರು ಕೋಣೆಯಿಂದ ಎದ್ದು ಹೋಗುವುದು ಎಲ್ಲರೂ ನಡೆಸಿಕೊಂಡು ಬಂದ ಮರ್ಯಾದೆ. ಉಮ್ಮರ್ ಹೊರಗೆ ನೆರಳಿನಲ್ಲಿ ನಿಂತ.

ಮೊದಲು ಮಗಳ ಜ್ವರ, ಅಮ್ಮನ ಮಂಡಿನೋವು. ಹಿಂದೆಲ್ಲೋ ಕೋಳಿ ಕೂಗಿದ್ದು. ಮತ್ತೆ ಅವಳ ದನಿ.

"ರಜೆ ಸಿಕ್ಕಿತು ಅಂದಿರಿ, ಸಂತೋಷ ಆಯಿತು. ಆದರೆ ಊಟಿ ಬೇಡ. ಸಿಟ್ಟು ಮಾಡಬೇಡಿ, ಪೂರ್ತಿ ಕೇಳಿ. ಅಡುಗೆ ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ ಮಾರಾಯ್ರೆ. ಮಕ್ಕಳು ತಿಂದರು, ಆ ಅಜ್ಜಿ ತಲೆ ಮುಟ್ಟಿ ಹರಸಿದರು. ಅರ್ಬಾಬರ ಮೇಲೆಯೂ ಇಲ್ಲ. ಒಂದು ಸಂಜೆ ನೀವೆಲ್ಲ ಕೆರೆಗೆ ಹೋಗಿ ನಗಾಡಿಕೊಂಡು ಬಂದಿರಿ. ಅವರು ಸೋಫಾದಲ್ಲಿ ಕೂತರು. ನೀವು ಅವರ ಹಿಂದೆ ನಿಂತು ಅಡುಗೆಮನೆ ಕಡೆ ನೋಡಿ, 'ಏ, ಚಹಾ ತಾ, ಬೇಗ' ಅಂದಿರಿ. ನನ್ನ ಹೆಸರು ಕರೆಯಲಿಲ್ಲ. ಅಷ್ಟು ವರ್ಷದಲ್ಲಿ ನೀವು ನನ್ನನ್ನು ಏ ಅಂತ ಕರೆದದ್ದು ಅದೇ ಮೊದಲು. ಅಂದಿನಿಂದ ಊಟಿ ಅಂದರೆ ನನಗೆ ಅದೇ ಕೇಳುತ್ತದೆ. ಡಿಸೆಂಬರಿಗೆ ಬನ್ನಿ, ಮನೆಗೆ ಬನ್ನಿ. ಅಲ್ಲಿಗೆ ಮಾತ್ರ ನಾನು ಬರುವುದಿಲ್ಲ."

ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಬಾಗಿಲ ಹೊರಗಿನಿಂದ ಉಮ್ಮರ್ ಕೇಳಿದ: "ಎಂತ ಹೇಳಿದರು ಅಕ್ಕ? ಖುಷಿಯಾ?"

ಲೋಕಯ್ಯ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದ. ಕೆರೆಗೆ ಹೋದದ್ದು ನೆನಪಿತ್ತು. ಸೋಫಾ ನೆನಪಿತ್ತು, ಅಂದು ಕುಡಿದ ಚಹಾ ಕೂಡ ನೆನಪಿತ್ತು. ಆ ಮಾತು ಆಡಿದ್ದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ. ಆಡಿಲ್ಲ ಎಂದು ಹೇಳಲು ಬಾಯಿಯೂ ಬರಲಿಲ್ಲ.